ಎಡಕ್ಕೆ ಕೊಟ್ಟ ಹೂ

ಹೊಸದುರ್ಗ
10-8-1997

ಅಕ್ಕನಿಗೆ ದುರ್ಗೇಶ ಮಾಡುವ ನಮಸ್ಕಾರ.

ನಾನು ಕೆಲಸ ಬಿಟ್ಟಿಲ್ಲ. ಮೊದಲ ಸಾಲಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನನ್ನ ಕಾಗದ ಒಡೆಯುವಾಗ ನಿನಗೆ ಇರುವುದು ಅದೊಂದೇ ಭಯ ಎಂದು ಗೊತ್ತು. ಸೈಕಲ್ ಶಾಪು, ಬೋರ್‌ವೆಲ್ ಲಾರಿ, ಎಣ್ಣೆ ಮಿಲ್ಲು, ಯಾವುದರಲ್ಲೂ ನಾನು ಆರು ತಿಂಗಳು ನಿಂತವನಲ್ಲ. ಮರಡಿ ಸಿಮೆಂಟ್ಸ್‌ಗೆ ಡ್ರೈವರಾಗಿ ಸೇರಿ ನಾಲ್ಕು ತಿಂಗಳಾಯಿತು. ಕಾರಿನಲ್ಲಿ ಕುಂತಲ್ಲೇ ಕುಂತಿದ್ದರೂ ಊರು ಬದಲಾಗುತ್ತಿರುತ್ತದೆ. ಅದಕ್ಕೇ ಇಲ್ಲಿ ನಿಂತಿದ್ದೇನೆ ಅನ್ನಿಸುತ್ತದೆ. ಲೈಸೆನ್ಸಿಗೆ ನೀನು ಕಟ್ಟಿದ ಫೀಜು ದಂಡವಾಗಲಿಲ್ಲ.

ನಾನು ಓಡಿಸುವುದು ಲೆಕ್ಕಪತ್ರದ ಮ್ಯಾನೇಜರ್ ಪ್ರಸನ್ನಕುಮಾರ್ ಸಾಹೇಬರ ಅಂಬಾಸಿಡರ್. ಹೋದ ವಾರ ಅವರು ಆಫೀಸಿನವರನ್ನೆಲ್ಲ ಕರೆದು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಎಲ್ಲರೂ ನಿಂತ ಕಾಲಲ್ಲೇ ಹಾಕಿ ಹೋದರು. ನಾನು ಮಾತ್ರ ಹಿಡಿದುಕೊಂಡು ನಿಂತೆ.

"ಏನಪ್ಪ, ಒಂದು ಸೈನ್ ಹಾಕಾಕೆ ಇಷ್ಟೊತ್ತಾ? ನಿನ್ ಹತ್ರ ಆಸ್ತಿ ಬರ್ಸ್ಕಂತಿಲ್ಲ" ಅಂದರು.

"ಓದ್ತಾ ಇದೀನ್ರಿ ಸಾರ್."

"ಇಂಗ್ಲಿಷಿನಾಗೈತಲ್ಲೋ ಅದು."

"ಅದ್ಕೇ ಸಾರ್ ತಡ ಆಗ್ತೈತೆ."

ಅವರು ನಕ್ಕು ತಾವೇ ಬಿಡಿಸಿ ಹೇಳಿದರು. "ಕಂಪನಿ ಇನ್ನೂ ಹೊರಗೆ ಹೇಳ್ದೆ ಇರೋ ಸಂಗ್ತಿ ನಿನ್ ಕಿವಿಗೆ ಬಿದ್ರೆ ಕಿವೀಲೇ ಇರ್ಬೇಕು. ಷೇರಿನ ರೇಟು ಏರೋದು ಇಳಿಯೋದು ಅಂಥದ್ದಾದ್ರಂತೂ ಹೆಂಡ್ತಿಗೂ ಹೇಳಂಗಿಲ್ಲ."

"ನಂಗೆ ಹೆಂಡ್ತಿ ಇಲ್ಲ ಸಾರ್."

"ಅಕ್ಕ ಅವ್ಳೋ ಇಲ್ವೋ?"

"ಅವ್ಳೆ."

"ಅವ್ಳಿಗೂ ಹೇಳಂಗಿಲ್ಲ. ಹಾಕು."

ಹಾಕಿದೆ. ಹಾಗಾಗಿ ಅಕ್ಕ, ನಿನ್ನ ಹೋದ ಕಾಗದದ ಕೊನೆಯ ಪ್ರಶ್ನೆಗೆ ನಾನು ಉತ್ತರ ಬರೆಯುವುದಿಲ್ಲ. ಈಗ ನನಗೆ ಏನೂ ಗೊತ್ತಿಲ್ಲ. ಗೊತ್ತಾದರೂ ಬರೆಯುವುದಿಲ್ಲ. ನಿನ್ನ ಮದುವೆಯ ಮುಯ್ಯಿ ದುಡ್ಡಿನಲ್ಲಿ ಈ ಕಂಪನಿಯ ನಾನೂರು ಷೇರು ತಗೊಂಡಿದ್ದು ನೀನು. ಇಟ್ಟುಕೊಳ್ಳುವುದೋ ಮಾರುವುದೋ ನಿನಗೆ ಸೇರಿದ್ದು.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ
ದುರ್ಗೇಶ್


ಹಿರಿಯೂರು
24-8-1997

ತಮ್ಮ ದುರ್ಗೇಶನಿಗೆ ಅಕ್ಕನ ಆಶೀರ್ವಾದ.

ಕಾಗದ ಓದಿ ನಿನ್ನ ಭಾವ ನಕ್ಕರು. ನನಗೆ ನಗು ಬರಲಿಲ್ಲ. ನಾನೇನು ಕಂಪನಿಯ ತಿಜೋರಿ ತೆಗಿ ಅಂದೆನೇ? ಚೆನ್ನಾಗಿ ನಡೀತಿದೆಯೋ ಇಲ್ಲವೋ ಅಂತ ಒಂದು ಮಾತು ಕೇಳಿದೆ. ಹಾಲಿನವನನ್ನು ಎಮ್ಮೆ ಹೇಗಿದೆ ಅಂತ ಕೇಳುವುದಿಲ್ಲವೇ, ಹಾಗೆ.

ಬಬ್ಬೂರು ಫಾರಂನಿಂದ ನಿನ್ನ ಭಾವನಿಗೆ ಬರುವ ಸಂಬಳ ನಿನಗೆ ಗೊತ್ತು. ಕಾಲೇಜಿನಿಂದ ನನಗೆ ಬರುವುದೂ ಗೊತ್ತು. ಇಲ್ಲಿ ಒಂದು ಸೈಟು ನೋಡಿದ್ದೇವೆ. ದೀಪಾವಳಿಯೊಳಗೆ ಮುಂಗಡ ಕೊಡಬೇಕು. ಆ ಷೇರು ಈಗ ಕೊಂಡ ರೇಟಿಗಿಂತ ಮೇಲಿದೆ. ಇನ್ನೂ ಏರುತ್ತದೆ ಅನ್ನುವವರೂ ಇದ್ದಾರೆ. ಮಾರಿದ ಮೇಲೆ ಏರಿದರೆ ಹೊಟ್ಟೆ ಉರಿಯುತ್ತದೆ, ಮಾರದೆ ಇಳಿದರೆ ಸೈಟು ಹೋಗುತ್ತದೆ.

ನಮ್ಮ ಕಾಲೇಜಿನ ಆಫೀಸಿನ ಶೋಭಾರಾಣಿ ದಿನಾ ಚುಚ್ಚುತ್ತಾಳೆ. ಅವಳ ಗಂಡ ಇದೇ ಕಂಪನಿಯ ಷೇರನ್ನು ಸಾವಿರಗಟ್ಟಲೆ ಇಟ್ಟುಕೊಂಡಿದ್ದಾರೆ. "ತಮ್ಮ ಅಲ್ಲೇ ಅವ್ನೆ, ಒಂದ್ಮಾತು ಕೇಳ್ರಿ ಅಂದ್ರೆ ಏನ್ರಿ ನಿಮ್ ಬಿಗುಮಾನ!" ಅನ್ನುತ್ತಾಳೆ. ನಮ್ಮ ತಮ್ಮ ಸಹಿ ಹಾಕಿದ್ದಾನೆ ಅಂದರೆ ಆಕೆ ಬಿದ್ದು ಬಿದ್ದು ನಕ್ಕಳು.

ನಾನು ನಿನ್ನ ಅಕ್ಕ ಕಣೋ. ಕಂಪನಿಯವಳಲ್ಲ.

ಅನುಸೂಯ


ಹೊಸದುರ್ಗ
18-9-1997

ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ಮೊನ್ನೆ ಸಾಹೇಬರ ಜೊತೆ ತಾಳ್ಯದ ಕಡೆ ಹೋಗಿದ್ದೆ. ಹಿಂದಿನ ಟೈರು ಪಂಚರ್ ಆಯಿತು. ಹೊಳಲ್ಕೆರೆಯಲ್ಲಿ ಹಾಕಿಸಿಕೊಂಡು ಬರುವಷ್ಟರಲ್ಲಿ ಸಂಜೆಯಾಯಿತು. ಕಾರಿಗೆಲ್ಲ ಕೆಂಪು ಧೂಳು. ಎರಡು ಸಲ ತೊಳೆದೆ.

ಬೇರೆ ಬರೆಯುವುದಕ್ಕೆ ಏನೂ ಇಲ್ಲ.

ದುರ್ಗೇಶ್


ಹಿರಿಯೂರು
23-9-1997

ದುರ್ಗೇಶ,

ಅದೆಂಥ ಕಾಗದವೋ ಅದು. ಪಂಚರಿನ ರಸೀದಿ ಇದ್ದ ಹಾಗಿದೆ. ಕೋಪ ಬಂದಿದ್ದರೆ ಬಂದಿದೆ ಅಂತ ಬರಿ. ನಿನ್ನನ್ನು ಇನ್ನು ಕೇಳುವುದಿಲ್ಲ, ಆಯಿತಾ?

ಕೇಳಬೇಕಾದವಳನ್ನೇ ಕೇಳುತ್ತೇನೆ. ಹಿರೇಗುಂಟನೂರಿಗೆ ಹೊರಟಿದ್ದ ಒಬ್ಬರ ಕೈಲಿ ಅವ್ವನಿಗೆ ಹೇಳಿ ಕಳಿಸಿದ್ದೇನೆ. ಬರುವ ಮಂಗಳವಾರ ಅವಳು ದ್ಯಾಮವ್ವನ ಹತ್ತಿರ ಹೂ ಕೇಳುತ್ತಾಳೆ. ಮಾರಬಹುದು ಅಂದರೆ ಬಲಕ್ಕೆ, ಬೇಡ ಅಂದರೆ ಎಡಕ್ಕೆ. ನೀನು ರಜ ಹಾಕಿ ಹೋಗಿ ಅವ್ವನ ಪಕ್ಕ ನಿಂತುಕೊಂಡು, ಯಾವ ಕಡೆ ಕೊಟ್ಟಳು ಅಂತ ನನಗೆ ಬರಿ. ಅವ್ವನಿಗೆ ಬರೆಯಲು ಬರುವುದಿಲ್ಲ. ಪೂಜಾರಿ ಕರಿಸಿದ್ದಪ್ಪನ ಕೈಲಿ ಬರೆಸಿದರೆ ಊರಿಗೆಲ್ಲ ಗೊತ್ತಾಗುತ್ತದೆ.

ನನ್ನ ಮದುವೆ ಆ ಹೂವಿನಿಂದ ಆಯಿತು. ನೀನು ಹತ್ತನೇ ಕ್ಲಾಸು ಬಿಡುತ್ತೇನೆ ಅಂತ ಹಟ ಹಿಡಿದಾಗ ಹೂ ಕೇಳಿಯೇ ಬಿಡಿಸಿದ್ದು. ನಾನು ಅತ್ತುಬಿಟ್ಟೆ, ಆದರೂ ಬಲಕ್ಕೆ ಕೊಟ್ಟಳಲ್ಲ ಅಂತ ಸುಮ್ಮನಾದೆ. ಅವಳ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಮೀರಿದವರಲ್ಲ. ಇದಕ್ಕೂ ನೀನು ಸಹಿ ಹಾಕಿದ ಕಾಗದಕ್ಕೂ ಸಂಬಂಧವಿಲ್ಲ ತಾನೇ?

ಅನುಸೂಯ


ಹಿರೇಗುಂಟನೂರು
1-10-1997

ಅಕ್ಕನಿಗೆ ನಮಸ್ಕಾರ.

ನಿನ್ನೆ ಹೂ ಕೇಳಿದೆವು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕರಿಸಿದ್ದಪ್ಪ ದ್ಯಾಮವ್ವನಿಗೆ ನೀರು ಹಾಕಿ, ಎರಡು ಭುಜಕ್ಕೂ ಒದ್ದೆ ಕಣಗಿಲೆ ಹೂ ಅಂಟಿಸಿ, "ಕೇಳವ್ವ" ಅಂದ. ಅವ್ವ ಕೈ ಮುಗಿದು, "ತಾಯಿ, ನನ್ ಮಗ್ಳು ಸೇರು ಮಾರ್ಬೋದು ಅಂದ್ರೆ ಬಲಕ್ ಕೊಡು, ಬ್ಯಾಡ ಅಂದ್ರೆ ಎಡಕ್ ಕೊಡು" ಅಂದಳು.

ಕರಿಸಿದ್ದಪ್ಪ ತಿರುಗಿ ನೋಡಿದ. "ಎಷ್ಟು ಸೇರವ್ವ? ರಾಗಿನಾ ಜ್ವಾಳನಾ?"

"ಅದೆಂಥದ್ದೋ ಸಿಮೆಂಟಿಂದು ಅಂತೆ."

"ಸಿಮೆಂಟ್ನ ಸೇರಿನಾಗೆ ಯಾರವ್ವ ಅಳೀತಾರೆ! ಮೂಟೆ ಲೆಕ್ಕ ಅಲ್ವೇನೋ ದುರ್ಗೇಶ?"

"ಷೇರು ಕಣಣ್ಣ. ಕಾಗ್ದ" ಅಂದೆ.

"ಕಾಗ್ದಕ್ಕೂ ಹೂ ಕೇಳ್ತಾರೇನೋ! ಸರಿ ಬಿಡು, ಅವ್ವಂಗೆ ತಿಳೀತೈತೆ."

ಬಹಳ ಹೊತ್ತು ಯಾವ ಹೂವೂ ಅಲುಗಲಿಲ್ಲ. ಅವ್ವ ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದಳು. ನಾನು ಬಲಗಡೆಯ ಹೂವನ್ನೇ ನೋಡುತ್ತಾ ನಿಂತಿದ್ದೆ. ರೆಪ್ಪೆ ಹೊಡೆದೆನೋ ಇಲ್ಲವೋ ಗೊತ್ತಿಲ್ಲ.

ಎಡಕ್ಕೆ ಕೊಟ್ಟಳು.

ಮಾರಬೇಡ ಅಂತ. ಅವ್ವನಿಗೆ ಖುಷಿಯಾಯಿತು. "ಇಟ್ಕಳ್ಳಿ ಬಿಡು, ಎಲ್ಲಾದ್ಕೂ ಒಂದು ಕಾಲ ಬರ್ತೈತೆ" ಅಂದಳು. ಆ ಹೂವನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ.

ಆದರೆ ಅಕ್ಕ, ಈ ಸಲ ನಂಬಬೇಡ.

ದುರ್ಗೇಶ್


ಹಿರಿಯೂರು
14-10-1997

ತಮ್ಮನಿಗೆ ಅಕ್ಕನ ಆಶೀರ್ವಾದ.

ಹೂವು ಬಂದಿತು. ಒಣಗಿತ್ತು, ಆದರೂ ಕಣ್ಣಿಗೆ ಒತ್ತಿಕೊಂಡು ದೇವರ ಮುಂದೆ ಇಟ್ಟಿದ್ದೇನೆ.

ಏಳನೇ ತಾರೀಕು ಚಿತ್ರದುರ್ಗಕ್ಕೆ ಹೋಗಿ ನಾನೂರೂ ಮಾರಿಬಿಟ್ಟೆ. ಸೈಟಿಗೆ ಮುಂಗಡ ಕೊಟ್ಟಾಯಿತು. ಶೋಭಾರಾಣಿ ಕೇಳಿದಳು. ನಾನೇನೂ ಹೇಳಲಿಲ್ಲ, ಮಾರಿದೆ ಅಂತಷ್ಟೇ ಅಂದೆ. ಯಾಕೆ ಅಂದಳು. ನನ್ನ ತಮ್ಮ ಈ ಸಲ ದೇವರ ಮಾತು ಕೇಳಬೇಡ ಅಂದಿದ್ದಾನೆ ಅಂದೆ. ಆಕೆ ಈ ಸಲ ನಗಲಿಲ್ಲ.

ಅವ್ವನಿಗೆ ಮಾರಿದ್ದು ಹೇಳಬೇಡ. ಬೇಜಾರು ಮಾಡಿಕೊಳ್ಳುತ್ತಾಳೆ.

ಹಬ್ಬಕ್ಕೆ ಬಾ. ನಿನಗೆ ಒಂದು ಪ್ಯಾಂಟು ಬಟ್ಟೆ ತೆಗೆದಿಟ್ಟಿದ್ದೇನೆ.

ಅನುಸೂಯ


ಹೊಸದುರ್ಗ
5-11-1997

ಅಕ್ಕನಿಗೆ,

ಹಬ್ಬಕ್ಕೆ ಬರಲಾಗಲಿಲ್ಲ. ಪೇಪರಿನಲ್ಲಿ ನೋಡಿರುತ್ತೀಯ. ಇಪ್ಪತ್ತನಾಲ್ಕನೇ ತಾರೀಕು ಕಂಪನಿಯವರು ಹೇಳಿದರು. ಗಣಿಯಲ್ಲಿ ಒಳ್ಳೆಯ ಸುಣ್ಣದ ಕಲ್ಲು ಮುಗಿದಿದೆ, ಹೊಸದು ಸಿಕ್ಕಿಲ್ಲ, ಫ್ಯಾಕ್ಟರಿ ನಿಲ್ಲಿಸುತ್ತೇವೆ ಎಂದು. ಎರಡೇ ದಿನಕ್ಕೆ ಷೇರನ್ನು ಕೇಳುವವರಿಲ್ಲದ ಹಾಗಾಯಿತು. ಸಿಮೆಂಟು ಸುಡುವ ಗೂಡು ಆರಿಸಿದ್ದಾರೆ. ಮೂರು ದಿನವಾದರೂ ಹತ್ತಿರ ಹೋದರೆ ಬಿಸಿ ಇದೆ. ಅದರ ಸದ್ದು ನಿಂತ ಮೇಲೆ ನಾಯಿ ಬೊಗಳುವುದು ಕೇಳಿಸುತ್ತದೆ.

ನಮ್ಮ ರೂಮಿನ ನಾಲ್ವರಲ್ಲಿ ಇಬ್ಬರ ಕೆಲಸ ಹೋಯಿತು. ನನ್ನನ್ನು ಕಾರಿಗೆ ಅಂತ ಇಟ್ಟುಕೊಂಡಿದ್ದಾರೆ. ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದ ಮರುಳಸಿದ್ದಮ್ಮ ತನ್ನ ಕಂಪನಿ ಷೇರಿನ ಕಾಗದ ತಂದು, "ಇದ್ನ ಏನ್ ಮಾಡ್ಲೋ?" ಅಂತ ನನ್ನನ್ನು ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. ಈಗ ಅದು ನಿಜ. ಒಂದು ತಿಂಗಳ ಹಿಂದೆ ಕೇಳಿದ್ದರೆ?

ನೀನು ಮಾರಿದ್ದು ಒಳ್ಳೆಯದಾಯಿತು ಅಂತ ಬರೆಯಲು ಕೂತಿದ್ದೆ. ಬರೆಯಲು ಆಗುತ್ತಿಲ್ಲ.

ದುರ್ಗೇಶ್


ಹಿರಿಯೂರು
20-2-1998

ದುರ್ಗೇಶ,

ಗಾಬರಿಯಾಗಬೇಡ. ಸೆಬಿ ಅಂತ ಷೇರು ವ್ಯವಹಾರ ನೋಡಿಕೊಳ್ಳುವ ಸರ್ಕಾರದ ಕಚೇರಿ ಇದೆಯಂತೆ. ಅವರಿಂದ ನನಗೆ ನೋಟೀಸು ಬಂದಿದೆ. ಶೋಭಾರಾಣಿಯ ಗಂಡನಿಗೂ ಬಂದಿದೆ. ಫ್ಯಾಕ್ಟರಿ ನಿಲ್ಲುವ ಸುದ್ದಿ ಹೊರಬರುವ ಮೊದಲಿನ ಮೂರು ವಾರದಲ್ಲಿ ಯಾರು ಯಾರು ಮಾರಿದರು ಅಂತ ಪಟ್ಟಿ ಮಾಡಿದ್ದಾರೆ. ಶೋಭಾರಾಣಿಯ ಗಂಡ ತಮ್ಮ ಷೇರು ಅಷ್ಟನ್ನೂ ಒಂದೇ ದಿನ ಮಾರಿದ್ದರಂತೆ. ಕೇಳಿದ್ದಕ್ಕೆ ನನ್ನ ಹೆಸರು ಹೇಳಿದ್ದಾರೆ.

ನನ್ನನ್ನು ಬೆಂಗಳೂರಿಗೆ ಕರೆಸಿದ್ದರು. ಭಾವ ಜೊತೆಗೆ ಬಂದಿದ್ದರು. ತಮ್ಮ ಏನಾದರೂ ಹೇಳಿದನೇ ಅಂತ ಕೇಳಿದರು. ಏನೂ ಹೇಳಿಲ್ಲ ಅಂದೆ. ಅದು ನಿಜ ತಾನೇ? ನಂಬಲಿ ಅಂತ ನಿನ್ನ ಕಾಗದಗಳನ್ನೇ ಒಯ್ದಿದ್ದೆ. ಸಹಿ ಹಾಕಿದ್ದೇನೆ, ಹೇಳುವುದಿಲ್ಲ ಅಂತ ನೀನು ಬರೆದದ್ದು ತೋರಿಸಿದೆ. ಹೂವಿನ ಕಾಗದವನ್ನೂ ಕೊಟ್ಟೆ. ನೋಡಿ, ದೇವರು ಕೂಡ ಮಾರಬೇಡ ಅಂದಿದ್ದಾಳೆ, ನಾನೇ ಸೈಟಿನ ಆಸೆಗೆ ಮಾರಿದೆ ಅಂದೆ. ಇದಕ್ಕಿಂತ ಸಾಕ್ಷಿ ಬೇಕೇ ಅಂತ ನನ್ನ ಮನಸ್ಸಿನಲ್ಲಿತ್ತು.

ಅವರು ಓದಿಸಿಕೊಂಡರು. ಕೊನೆಯ ಸಾಲಿಗೆ ಪೆನ್ಸಿಲಿನಿಂದ ಸುತ್ತು ಹಾಕಿದರು.

ಬಸ್ಸಿನಲ್ಲಿ ಬರುವಾಗ ನಿನ್ನ ಭಾವ ಒಂದೇ ಮಾತು ಕೇಳಿದರು. "ಅದೊಂದು ಕಾಗ್ದ ಕೊಡ್ದೆ ಇರಾಕೆ ಆಗ್ತಿರ್ಲಿಲ್ವ?"

ಅವರು ನಿನ್ನನ್ನು ಕೇಳಲು ಬರುತ್ತಾರೆ. ನೀನು ಹೇಳಬೇಕಾದ್ದು ಒಂದೇ. ನಾನು ದೇವರು ದಿಂಡರು ನಂಬುವವನಲ್ಲ, ಅದಕ್ಕೇ ಹಾಗೆ ಬರೆದೆ ಅನ್ನು. ಈಗಿನ ಹುಡುಗರು ಎಷ್ಟೋ ಜನ ಹಾಗೆ ಅನ್ನುವುದಿಲ್ಲವೇ? ಅಷ್ಟು ಸಾಕು ಅಂತ ವಕೀಲರು ಹೇಳಿದ್ದಾರೆ.

ಅನುಸೂಯ


ಹೊಸದುರ್ಗ
2-3-1998

ಅಕ್ಕನಿಗೆ,

ನಾನು ಏನೂ ಹೇಳಿಲ್ಲ ಅಂತ ಐದು ತಿಂಗಳಿನಿಂದ ನನಗೇ ಹೇಳಿಕೊಳ್ಳುತ್ತಿದ್ದೆ. ಗೂಡಿನ ಹತ್ತಿರ ಹೋದಾಗಲೆಲ್ಲ ಹೇಳಿಕೊಂಡಿದ್ದೇನೆ.

ಪಂಚರ್ ಆಯಿತು ಅಂತ ಬರೆದಿದ್ದೆನಲ್ಲ, ಆ ದಿನ ಸಾಹೇಬರು ತಾಳ್ಯದ ಕಡೆ ಹೋಗಿದ್ದದ್ದು ಹೊಸ ಕಲ್ಲು ಸಿಗುತ್ತದೆಯೇ ಅಂತ ನೆಲ ಕೊರೆಸಿದ ಜಾಗ ನೋಡಲು. ನಾನು ಜಾಕ್ ಹಾಕುತ್ತಿದ್ದೆ. ಅವರು ಪಕ್ಕದಲ್ಲೇ ನಿಂತು ಜೊತೆಗಿದ್ದ ಇಂಜಿನಿಯರಿಗೆ, "ಇಲ್ಲೂ ಇಲ್ಲ. ಅಕ್ಟೋಬರ್ ಕೊನೆಗೆ ಹೇಳಿ ಬಾಗ್ಲು ಹಾಕಾದೇ" ಅಂದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಬೋಲ್ಟ್ ಬಿಗಿ ಮಾಡುತ್ತಿದ್ದೆ. ಅವರು ಏನೂ ಅನ್ನಲಿಲ್ಲ. ಸಹಿ ಹಾಕಿದವನು ಅಂತ ಧೈರ್ಯ ಇರಬೇಕು.

ಹೂ ಬಲಕ್ಕೆ ಬೀಳಲಿ ಅಂತ ಅಷ್ಟು ಹೊತ್ತು ನೋಡುತ್ತಾ ನಿಂತದ್ದು ಅದಕ್ಕೇ. ಬಲಕ್ಕೆ ಬಿದ್ದಿದ್ದರೆ ಬಿದ್ದದ್ದನ್ನು ಬರೆದು ಸುಮ್ಮನಾಗುತ್ತಿದ್ದೆ. ದೇವರು ಹೇಳಿದಳು, ನಾನು ಹೇಳಲಿಲ್ಲ ಅಂತ ಜೀವನಪೂರ್ತಿ ನೆಮ್ಮದಿಯಾಗಿ ಇರುತ್ತಿದ್ದೆ. ಎಡಕ್ಕೆ ಬಿತ್ತು. ಬಲಕ್ಕೆ ಅಂತ ಬರೆಯಲು ಕೈ ಬರಲಿಲ್ಲ. ಎಡಕ್ಕೆ ಅಂತ ಬರೆದು ಬಿಡಲೂ ಕೈ ಬರಲಿಲ್ಲ.

ಚಕ್ರಕ್ಕೆ ನಿಂಬೆಹಣ್ಣು ಇಡದೆ ಗಾಡಿ ತೆಗೆಯದವನು ನಾನು. ಅದು ನಿನಗೆ ಗೊತ್ತಿದ್ದಕ್ಕೇ ಆ ಸಾಲು ನಿನಗೆ ತಿಳಿಯಿತು. ಬೇರೆ ಯಾರಿಗೆ ಬರೆದಿದ್ದರೂ ಅದು ಬರೀ ಸಾಲು.

ಅವರು ಕೇಳಿದಾಗ ಏನು ಹೇಳುತ್ತೇನೆ ಅಂತ ನನಗೆ ಗೊತ್ತಿಲ್ಲ.

ದುರ್ಗೇಶ್


ಹಿರಿಯೂರು
10-3-1998

ದುರ್ಗೇಶ,

ನಿನ್ನ ಕಾಗದವನ್ನು ಒಲೆಗೆ ಹಾಕಿದ್ದೇನೆ. ಇನ್ನು ಮೇಲೆ ಈ ವಿಷಯ ಕಾಗದದಲ್ಲಿ ಬರೆಯಬೇಡ.

ತಪ್ಪು ಅಂತಾದರೆ ಕಾಲೇಜಿನಲ್ಲಿ ನನ್ನನ್ನು ಸಸ್ಪೆಂಡ್ ಮಾಡುತ್ತಾರೆ. ಪ್ರಿನ್ಸಿಪಾಲರು ಬಾಯಿ ಬಿಟ್ಟು ಹೇಳಿದ್ದಾರೆ. ಹನ್ನೊಂದು ವರ್ಷದ ಕೆಲಸ. ನಿನ್ನನ್ನು ಓದಿಸಲು ಅಂತ ನಾನು ಬಿ.ಎ. ಅರ್ಧಕ್ಕೆ ಬಿಟ್ಟು ಸೇರಿದ ಕೆಲಸ. ನೀನು ಓದಲಿಲ್ಲ. ಅದನ್ನು ನಾನು ಒಂದು ದಿನವೂ ಎತ್ತಿ ಆಡಿದವಳಲ್ಲ. ಈಗ ಎತ್ತಿ ಆಡುತ್ತಿದ್ದೇನೆ.

ಒಂದು ಮಾತು. ನಂಬುವುದಿಲ್ಲ ಅನ್ನು. ದ್ಯಾಮವ್ವನ ಹತ್ತಿರ ನಾನು ಮಾಫಿ ಕೇಳಿಕೊಳ್ಳುತ್ತೇನೆ.

ಅಕ್ಕ


ಹೊಸದುರ್ಗ
19-4-1998

ಅಕ್ಕನಿಗೆ,

ನಿನ್ನೆ ಆಯಿತು. ಗೆಸ್ಟ್‌ಹೌಸಿನಲ್ಲಿ ಕೇಳಿದರು. ಸೆಬಿಯ ಒಬ್ಬರು ಅಧಿಕಾರಿ, ಬರೆದುಕೊಳ್ಳಲು ಒಬ್ಬರು. ಅವರಿಗೆ ಕನ್ನಡ ಬರುವುದಿಲ್ಲ. ನಮ್ಮ ಆಫೀಸಿನ ಗುಮಾಸ್ತ ಚಿತ್ತಯ್ಯ ಮಧ್ಯೆ ಕೂತು ಅವರದ್ದನ್ನು ನನಗೆ, ನನ್ನದನ್ನು ಅವರಿಗೆ ಹೇಳುತ್ತಿದ್ದ. ಚಹಾ ಕೊಟ್ಟರು. ನಾನು ಕುಡಿಯಲಿಲ್ಲ. ಕೆನೆ ಕಟ್ಟಿತು.

ಹೂವಿನ ಕಾಗದ ಮೇಜಿನ ಮೇಲಿತ್ತು. ಅದನ್ನು ಇಂಗ್ಲಿಷಿಗೆ ಮಾಡಿಸಿದ್ದರು. ಅಧಿಕಾರಿ ಮೊದಲು ಕೇಳಿದ್ದು, ಈ ದ್ಯಾಮವ್ವ ಯಾರು, ಕಂಪನಿಯಲ್ಲಿ ಆಕೆಗೆ ಯಾವ ಹುದ್ದೆ ಅಂತ.

ಚಿತ್ತಯ್ಯ ನನ್ನ ಮುಖ ನೋಡಿದ. "ಏನಂತ ಹೇಳ್ಲೋ?"

"ಇದ್ದದ್ದು ಹೇಳು."

ಅವನು ಹೇಳಿದ. ಅಧಿಕಾರಿ ತಮ್ಮ ಪಟ್ಟಿಯಲ್ಲಿ ಬರೆದಿದ್ದ ಒಂದು ಹೆಸರನ್ನು ಹೊಡೆದು ಹಾಕಿದರು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ನೀನೂ ನಗುತ್ತಿದ್ದೆ.

ಆಮೇಲೆ ಪೆನ್ಸಿಲಿನ ಸುತ್ತು ತೋರಿಸಿ ಕೇಳಿದರು, ನಿಮಗೆ ದೇವರಲ್ಲಿ ನಂಬಿಕೆ ಇಲ್ಲವೇ ಎಂದು.

ಅಕ್ಕ, ಅವರು ಅದನ್ನು ಬಾಗಿಲು ತೆಗೆದಿಟ್ಟ ಹಾಗೆ ಕೇಳಿದರು. ಚಿತ್ತಯ್ಯ ಅದನ್ನು ಕನ್ನಡದಲ್ಲಿ ಹೇಳಿ, ದನಿ ತಗ್ಗಿಸಿ, "ಲೇ, ಇಲ್ಲ ಅಂದ್ಬಿಡು. ಇಷ್ಟೇ ಅವ್ರಿಗೆ ಬೇಕಾಗಿರೋದು. ಎದ್ದು ಹೋಗಾಣ" ಅಂದ.

ನಾನು ಫ್ಯಾನು ನೋಡಿದೆ. ಅದು ನಿಧಾನಕ್ಕೆ ತಿರುಗುತ್ತಿತ್ತು. ನಿನ್ನ ಹನ್ನೊಂದು ವರ್ಷ ನೆನಪಾಯಿತು. ಪ್ಯಾಂಟು ಬಟ್ಟೆ ನೆನಪಾಯಿತು. ಮರುಳಸಿದ್ದಮ್ಮ ಹಿಡಿದುಕೊಂಡು ಬಂದ ಕಾಗದವೂ ನೆನಪಾಯಿತು. ಅವಳಿಗೆ ಈ ಸಲ ನಂಬಬೇಡ ಅಂತ ಬರೆಯುವವರು ಯಾರೂ ಇರಲಿಲ್ಲ. ನಿನ್ನ ನಾನೂರು ಷೇರು ಆ ದಿನ ಯಾರು ಕೊಂಡರೋ, ಅವರಿಗೂ ಇರಲಿಲ್ಲ.

"ನಂಬ್ತೀನಿ ಸಾರ್" ಅಂದೆ.

ಹಾಗಾದರೆ ನಂಬಬೇಡ ಅಂತ ಯಾಕೆ ಬರೆದೆ?

"ನಂಗೆ ಗೊತ್ತಿತ್ತು."

ಚಿತ್ತಯ್ಯ ಅದನ್ನು ಕೂಡಲೇ ಇಂಗ್ಲಿಷಿಗೆ ಮಾಡಲಿಲ್ಲ. ಅಧಿಕಾರಿ ಕಾದರು. ಆಮೇಲೆ ಮಾಡಿದ.

ಕಾರಿನ ಹತ್ತಿರ ಕೇಳಿದ್ದನ್ನೆಲ್ಲ ಹೇಳಿದೆ. ಬರೆದುಕೊಂಡರು. ಕೊನೆಗೆ ನಾನೊಂದು ಕೇಳಿದೆ. ನಾನು ಒಂದು ಷೇರೂ ಮಾರಿಲ್ಲ, ಒಂದು ಪೈಸೆಯೂ ತಗೊಂಡಿಲ್ಲ, ಗಣಿ ಅನ್ನುವ ಮಾತನ್ನೂ ಬರೆದಿಲ್ಲ, ನನ್ನದು ಯಾವ ತಪ್ಪು ಅಂತ. ಅವರು ಕೋಪ ಮಾಡಿಕೊಳ್ಳಲಿಲ್ಲ. ಮೇಷ್ಟರ ಹಾಗೆ ಹೇಳಿದರು. ಗುಟ್ಟು ಕೊಟ್ಟವನದೂ ತಪ್ಪು, ಅವನಿಗೆ ಲಾಭವಾಗಲಿ ಬಿಡಲಿ. ಗುಟ್ಟು ಅಂತ ತಿಳಿದು ತಗೊಂಡು ಮಾರಿದವರದೂ ತಪ್ಪು. ಅವರು ಇನ್ನೊಬ್ಬರಿಗೆ ದಾಟಿಸಿದರೆ ಅದು ಇನ್ನೊಂದು ತಪ್ಪು. ಯಾವ ಮಾತಿನಲ್ಲಿ ಕೊಟ್ಟೆ ಅನ್ನುವುದು ಮುಖ್ಯವಲ್ಲ, ತಗೊಂಡವರಿಗೆ ಏನು ತಿಳಿಯಿತು ಅನ್ನುವುದು ಮುಖ್ಯ ಅಂದರು.

ಬರೆದದ್ದನ್ನು ಓದಿ ಹೇಳಿಸಿಕೊಂಡು ಸಹಿ ಹಾಕಿದೆ. ಈ ಸಲವೂ ತಡವಾಯಿತು.

ಹೊರಗೆ ಬಂದ ಮೇಲೆ ಅಳು ಬರುತ್ತದೆ ಅಂದುಕೊಂಡಿದ್ದೆ. ಏನೂ ಬರಲಿಲ್ಲ. ಕಾರು ತೊಳೆದೆ. ಸಂಜೆ ಪ್ರಸನ್ನಕುಮಾರ್ ಸಾಹೇಬರು ಕೀ ಇಸಿದುಕೊಂಡರು. ನಾಳೆಯಿಂದ ಬರಬೇಡ ಅಂತಲೂ ಅನ್ನಲಿಲ್ಲ, ಕೀ ಇಸಿದುಕೊಂಡರು ಅಷ್ಟೇ.

ಬೈಯುವುದಿದ್ದರೆ ಬೈದು ಬರಿ.

ದುರ್ಗೇಶ್


ಹಿರಿಯೂರು
27-4-1998

ಕಾಗದ ಬರೆಯಬೇಡ.

ಅನುಸೂಯ


ಚಿತ್ರದುರ್ಗ
6-7-1999

ಅಕ್ಕನಿಗೆ,

ಬರೆಯಬೇಡ ಅಂದ ಮೇಲೆ ಹದಿನಾಲ್ಕು ತಿಂಗಳು ಬರೆದಿಲ್ಲ. ಈಗ ಆದೇಶ ಬಂದಿರುವುದರಿಂದ ಬರೆಯುತ್ತಿದ್ದೇನೆ. ನಿನಗೂ ರಿಜಿಸ್ಟರ್ಡ್ ಬಂದಿರುತ್ತದೆ.

ಮೂರು ಹೆಸರು ಇವೆ. ಮೊದಲು ನನ್ನದು, ಕೊಟ್ಟವನು ಅಂತ. ಆಮೇಲೆ ನಿನ್ನದು, ಪಡೆದು ಮಾರಿದವಳು, ದಾಟಿಸಿದವಳು ಅಂತ. ಕೊನೆಗೆ ಶೋಭಾರಾಣಿಯ ಗಂಡನದು. ಮೂವರಿಗೂ ದಂಡ. ನನ್ನದನ್ನು ನಾನು ಕಟ್ಟುತ್ತೇನೆ. ಜೋಗಿಮಟ್ಟಿಯ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಿದ್ದಾರೆ, ಅಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದೇನೆ. ನಿನ್ನದರಲ್ಲೂ ತಿಂಗಳು ತಿಂಗಳು ಸ್ವಲ್ಪ ಕಟ್ಟುತ್ತೇನೆ ಅಂತ ಭಾವನಿಗೆ ಹೇಳಿದ್ದೆ. ಬೇಡ ಅಂದರು. ನೀನು ಸಸ್ಪೆಂಡ್ ಆದದ್ದು, ಸೈಟು ಮಾರಿದ್ದು ಎರಡನ್ನೂ ಅವರೇ ಹೇಳಿದರು.

ಅವ್ವನಿಗೆ ಆದೇಶ ಓದಿ ಹೇಳಿದೆ. ಅವಳಿಗೆ ತಿಳಿಯುವ ಹಾಗೆ ಹೇಳಲು ಒಂದು ಮಧ್ಯಾಹ್ನ ಹಿಡಿಯಿತು. ನೀನು ಮಾರಿದ್ದು, ನಾನು ನಂಬಬೇಡ ಅಂತ ಬರೆದದ್ದು, ಅವಳಿಗೆ ಆವತ್ತೇ ಮೊದಲು ಗೊತ್ತಾಗಿದ್ದು. ಅವಳು ಕಡಲೆಕಾಯಿ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಮಾರ್ಬ್ಯಾಡ ಅಂದ್ಲಲ್ಲೋ ಆ ತಾಯಿ" ಅಂದಳು. "ಮಾರ್ದೆ ಇದ್ದಿದ್ರೆ ಏನಾಗ್ತಿತ್ತು? ಆ ಸೇರಿನ ಕಾಗ್ದ ಹಾಳಾಗ್ತಿತ್ತು. ಮಕ್ಳು ಹಾಳಾಗ್ತಿರ್ಲಿಲ್ಲ."

ಎರಡು ವರ್ಷದಿಂದ ನಾನು ದೇವಿಗಿಂತ ನನಗೇ ಹೆಚ್ಚು ಗೊತ್ತಿತ್ತು ಅಂತ ತಿಳಿದುಕೊಂಡಿದ್ದೆ. ನನಗೆ ಗಣಿಯದು ಮಾತ್ರ ಗೊತ್ತಿತ್ತು.

ದುರ್ಗೇಶ್


ಹಿರೇಗುಂಟನೂರು
24-11-1999

ಅಕ್ಕನಿಗೆ ದುರ್ಗೇಶ ಮಾಡುವ ನಮಸ್ಕಾರ.

ನಿನ್ನಿಂದ ಉತ್ತರ ಬಂದಿಲ್ಲ. ನಿರೀಕ್ಷೆಯೂ ಇರಲಿಲ್ಲ. ಇದನ್ನು ಬರೆಯುತ್ತಿರುವುದು ಅವ್ವ ಹೇಳಿದ್ದಕ್ಕೆ. ಅವಳಿಗೆ ಬರೆಯಲು ಬರುವುದಿಲ್ಲ. ಬೇರೆಯವರ ಕೈಲಿ ಬರೆಸಲು ಇಷ್ಟವಿಲ್ಲ.

ನಿನ್ನೆ ಮಂಗಳವಾರ ಅವ್ವ ಹೂ ಕೇಳಿದಳು. ಟ್ಯಾಂಕರಿಗೆ ರಜ ಹೇಳಿ ನಾನೂ ಹೋಗಿದ್ದೆ. ಪಕ್ಕದಲ್ಲಿ ನಿಲ್ಲು ಅಂದಳು, ನಿಂತೆ. ಕರಿಸಿದ್ದಪ್ಪನಿಗೆ ವಯಸ್ಸಾಗಿದೆ, ಹೂ ಅಂಟಿಸುವಾಗ ಕೈ ನಡುಗುತ್ತದೆ. "ಈ ಸಲ ಎಷ್ಟು ಸೇರವ್ವ?" ಅಂತ ತಮಾಷೆ ಮಾಡಿದ. ಅವ್ವ ನಗಲಿಲ್ಲ.

"ತಾಯಿ, ನನ್ ಮಗ್ಳು ಅನುಸೂಯ ಈ ಮನೆ ಹೊಸ್ಲು ತುಳೀತಾಳೆ ಅಂದ್ರೆ ಬಲಕ್ ಕೊಡು, ಇಲ್ಲ ಅಂದ್ರೆ ಎಡಕ್ ಕೊಡು" ಅಂದಳು.

ಈ ಸಲ ಹೆಚ್ಚು ಹೊತ್ತಾಗಲಿಲ್ಲ.

ಎಡಕ್ಕೆ ಕೊಟ್ಟಳು. ಆ ಹೂವನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ.

ಮುಂದಿನ ಸಾಲನ್ನು ನಾನು ಬರೆಯುವುದಿಲ್ಲ. ಅದು ನಿನಗೆ ಗೊತ್ತಿದೆ.

ನಿನ್ನ ತಮ್ಮ
ದುರ್ಗೇಶ್